ಹಳೇ ಬೈಕ್ ಸ್ಲೋನಲ್ಲಿ ನಿಲ್ಲುತ್ತಿಲ್ಲವೇ? ಕಾರ್ಬುರೇಟರ್‌ ಸ್ಕ್ರೂಗೆ ಕೊನೆಯಲ್ಲಿ ಕೈ ಹಾಕಿ

ಬೆಳಗ್ಗೆ ಐದು ಗಂಟೆಗೆ ನಮ್ಮ ಬೀದಿಯಲ್ಲಿ ಮೊದಲು ಕೇಳುವುದು ಬೈಕ್ ಸದ್ದು. ಹೂವಿನ ಮೂಟೆ ಕಟ್ಟಿಕೊಂಡು ಚಿಕ್ಕಬಳ್ಳಾಪುರದ ಮಾರುಕಟ್ಟೆಗೆ ಹೊರಟವರು, ರೇಷ್ಮೆಗೂಡು ಹೇರಿಕೊಂಡು ಶಿಡ್ಲಘಟ್ಟದ ದಾರಿ ಹಿಡಿದವರು, ಡೇರಿಗೆ ಹಾಲು ಹಾಕಲು ಹೋಗುವವರು. ಹೆಚ್ಚಿನವು ಹದಿನೈದು, ಇಪ್ಪತ್ತು ವರ್ಷ ಹಳೆಯ ಗಾಡಿಗಳು. ಒಂದೆರಡು ಕಿಕ್‌ಗೆ ಸ್ಟಾರ್ಟ್ ಏನೋ ಆಗುತ್ತವೆ. ಆಕ್ಸಿಲರೇಟರ್ ಬಿಟ್ಟ ಕೂಡಲೇ ಗುಡಗುಡ ಅಂದು, ಕೆಮ್ಮಿ, ಆಫ್ ಆಗಿಬಿಡುತ್ತವೆ.

"ಅಣ್ಣಾ, ರೇಸ್ ಕೊಟ್ಕೊಂಡೇ ಇರಬೇಕು, ಬಿಟ್ರೆ ನಿಂತೋಗುತ್ತೆ" ಎನ್ನುತ್ತಾ ಪಕ್ಕದ ಮನೆಯ ಹುಡುಗ ಹೋದ ತಿಂಗಳು ಅವರಪ್ಪನ ಸ್ಪ್ಲೆಂಡರ್ ತಳ್ಳಿಕೊಂಡು ಬಂದ. ಸ್ಲೋ, ಅಂದರೆ ಆಕ್ಸಿಲರೇಟರ್ ಬಿಟ್ಟಾಗಿನ ಇಂಜಿನ್ ವೇಗ, ಹೊಂದಿಸುವ ಸ್ಕ್ರೂವನ್ನು ಆಗಲೇ ಮೂರು ಸಲ ತಿರುಗಿಸಿದ್ದನಂತೆ. ಎಲ್ಲರೂ ಮಾಡುವುದು ಇದನ್ನೇ. ಕೈಗೆ ಸುಲಭವಾಗಿ ಸಿಗುವ ಸ್ಕ್ರೂ ಅದು, ತಿರುಗಿಸಿದ ತಕ್ಷಣ ಸದ್ದು ಬದಲಾಗುತ್ತದೆ, ಸರಿಹೋಯಿತು ಅನಿಸುತ್ತದೆ. ಎರಡು ದಿನಕ್ಕೆ ಮತ್ತೆ ಅದೇ ಕಥೆ.

ನಾನು ಕೇಳಿಕೊಳ್ಳುವುದು ಇಷ್ಟೇ. ಆ ಸ್ಕ್ರೂ ಕೊನೆಯ ಕೆಲಸ. ಅದಕ್ಕೂ ಮೊದಲು ನೋಡಬೇಕಾದದ್ದು ಬೇಕಾದಷ್ಟಿದೆ, ಮತ್ತು ಅದನ್ನು ಕ್ರಮವಾಗಿಯೇ ನೋಡಬೇಕು.

ರೇಸ್ ಕೊಟ್ಟಾಗ ಚೆನ್ನಾಗಿರುವ ಇಂಜಿನ್ ಸ್ಲೋನಲ್ಲಿ ಮಾತ್ರ ಯಾಕೆ ಒದ್ದಾಡುತ್ತದೆ? ಆಕ್ಸಿಲರೇಟರ್ ಬಿಟ್ಟಾಗ, ಗಾಳಿ ಪೆಟ್ರೋಲ್ ಬೆರೆಸಿ ಇಂಜಿನ್‌ಗೆ ಕೊಡುವ ಕಾರ್ಬುರೇಟರ್‌ನ ಬಾಗಿಲು ಹೆಚ್ಚೂಕಡಿಮೆ ಮುಚ್ಚಿರುತ್ತದೆ. ಪೆಟ್ರೋಲ್ ಬರುವುದು ಸ್ಲೋ ಜೆಟ್ ಎಂಬ ಪುಟ್ಟ ನಳಿಕೆಯಿಂದ. ಅದರ ತೂತು ಅರ್ಧ ಮಿಲಿಮೀಟರ್‌ಗಿಂತ ಸಣ್ಣದು. ಆ ಹೊತ್ತಿನಲ್ಲಿ ಒಂದು ಚೂರು ಗಾಳಿ ಜಾಸ್ತಿ ಆದರೂ, ಕಿಡಿ ಸ್ವಲ್ಪ ಸಣ್ಣದಾದರೂ ಇಂಜಿನ್‌ಗೆ ತಡೆಯುವುದಿಲ್ಲ. ರೇಸ್ ಕೊಟ್ಟರೆ ಮೇನ್ ಜೆಟ್ ಕೆಲಸ ಶುರುಮಾಡುತ್ತದೆ, ತೊಂದರೆ ಮುಚ್ಚಿಹೋಗುತ್ತದೆ.

ಇಲ್ಲಿ ಹೇಳುತ್ತಿರುವುದು ಕಾರ್ಬುರೇಟರ್ ಇರುವ ಬೈಕ್‌ಗಳಿಗೆ. 2020ರ ಏಪ್ರಿಲ್ 1ರಿಂದ ಹೊಗೆ ನಿಯಂತ್ರಣದ ಬಿಎಸ್ 6 ನಿಯಮ ಬಂದ ಮೇಲೆ ಬಹುತೇಕ ಬೈಕ್‌ಗಳಿಗೆ ಫ್ಯುಯೆಲ್ ಇಂಜೆಕ್ಷನ್ ಬಂದಿದೆ. ಅವುಗಳ ದಾರಿ ಬೇರೆ.

ಮೊದಲು ಪೆಟ್ರೋಲ್

ಗಾಡಿಯನ್ನು ಬಯಲಿಗೆ ತನ್ನಿ. ಇಂಜಿನ್ ತಣ್ಣಗಿರಲಿ. ಹತ್ತಿರದಲ್ಲಿ ಬೀಡಿ, ಸಿಗರೇಟು, ಒಲೆ, ದೀಪ ಯಾವುದೂ ಬೇಡ. ಬಾಗಿಲು ಮುಚ್ಚಿದ ಶೆಡ್ಡಿನಲ್ಲಿ ಇಂಜಿನ್ ಓಡಿಸಲೇಬೇಡಿ, ಆ ಹೊಗೆಯಲ್ಲಿರುವ ಕಾರ್ಬನ್ ಮಾನಾಕ್ಸೈಡ್‌ಗೆ ವಾಸನೆಯೇ ಇಲ್ಲ, ಪ್ರಾಣಕ್ಕೇ ಅಪಾಯ.

ಕಾರ್ಬುರೇಟರ್ ತಳದಲ್ಲಿ ಬಟ್ಟಲಿನಂಥ ಭಾಗವಿದೆಯಲ್ಲ, ಅದಕ್ಕೆ ಒಂದು ಡ್ರೈನ್ ಸ್ಕ್ರೂ ಇರುತ್ತದೆ. ಕೆಳಗೆ ಗಾಜಿನ ಬಾಟಲಿ ಹಿಡಿದು ಅದನ್ನು ಸಡಿಲಿಸಿ. ಪಕ್ಕದ ಮನೆ ಹುಡುಗನ ಗಾಡಿಯಲ್ಲಿ ಹೀಗೆ ಇಳಿಸಿ, ಬಾಟಲಿಯನ್ನು ಬಿಸಿಲಿಗೆ ಹಿಡಿದು ತೋರಿಸಿದೆ. ಮೇಲೆ ಪೆಟ್ರೋಲ್, ತಳದಲ್ಲಿ ಗುಂಡು ಗುಂಡಾಗಿ ನಾಲ್ಕೈದು ಹನಿ ನೀರು. ಬಾಟಲಿ ಅಲುಗಿಸಿದರೆ ಹನಿಗಳು ಒಂದಕ್ಕೊಂದು ಅಂಟಿ ಓಡಾಡುತ್ತಿದ್ದವು. ಜೊತೆಗೆ ಟ್ಯಾಂಕಿನ ತುಕ್ಕಿನ ಕೆಂಪು ಪುಡಿ. ಆ ಒಂದು ಹನಿ ಸ್ಲೋ ಜೆಟ್‌ನ ಬಾಯಿಗೆ ಬಂದು ಕೂತರೆ ಸಾಕು, ಗಾಡಿ ಆಫ್.

ಈಗ ಬಂಕ್‌ಗಳಲ್ಲಿ ಸಿಗುವ ಪೆಟ್ರೋಲ್‌ನಲ್ಲಿ ಶೇ 20ರವರೆಗೆ ಎಥನಾಲ್ ಬೆರೆತಿರುತ್ತದೆ. ಎಥನಾಲ್ ಗಾಳಿಯಲ್ಲಿನ ತೇವವನ್ನು ಎಳೆದುಕೊಳ್ಳುತ್ತದೆ. ಹಳೇ ಗಾಡಿಗಳ ರಬ್ಬರ್ ಪೈಪು, ವಾಷರ್‌ಗಳನ್ನು ಅದಕ್ಕೆಂದು ಮಾಡಿದ್ದಲ್ಲ. ಹಾಗಾಗಿ ತಿಂಗಳುಗಟ್ಟಲೆ ನಿಂತ ಗಾಡಿಯಾದರೆ ಹಳೇ ಪೆಟ್ರೋಲ್ ಇಳಿಸಿ ಹೊಸದು ಹಾಕಿ. ಪೆಟ್ರೋಲ್ ಪೈಪು ಬಿರುಕು ಬಿಟ್ಟಿದ್ದರೆ ಅಥವಾ ಮೆತ್ತಗೆ ಊದಿಕೊಂಡಿದ್ದರೆ ಬದಲಿಸಿಬಿಡಿ.

ಆಮೇಲೆ ಏರ್ ಫಿಲ್ಟರ್

ನಮ್ಮ ಕಡೆಯ ಮಣ್ಣಿನ ರಸ್ತೆ, ಕ್ರಷರ್ ದೂಳು ಗೊತ್ತೇ ಇದೆ. ಟಿಪ್ಪರ್ ಹಿಂದೆ ಒಂದು ವಾರ ಓಡಾಡಿದರೆ ಫಿಲ್ಟರ್ ಬಣ್ಣವೇ ಬದಲಾಗಿರುತ್ತದೆ. ಸೈಡ್ ಕವರ್ ಬಿಚ್ಚಿ ತೆಗೆದು ನೋಡಿ. ಸ್ಪಂಜಿನ ಫಿಲ್ಟರ್ ಆದರೆ ಸೋಪು ನೀರಿನಲ್ಲಿ ಹಿಂಡಿ ತೊಳೆದು, ನೆರಳಲ್ಲಿ ಪೂರ್ತಿ ಒಣಗಿಸಿ, ಸ್ವಲ್ಪ ಇಂಜಿನ್ ಆಯಿಲ್ ಸವರಿ ಚೆನ್ನಾಗಿ ಹಿಂಡಿ ಹಾಕಿ. ತಿರುಚಬೇಡಿ, ಹರಿಯುತ್ತದೆ. ಪೇಪರ್ ಫಿಲ್ಟರ್ ತೊಳೆಯುವ ವಸ್ತುವಲ್ಲ, ಕೊಳೆಯಾಗಿದ್ದರೆ ಹೊಸದು ಹಾಕಬೇಕು. ಫಿಲ್ಟರ್ ಕಟ್ಟಿಕೊಂಡಿದ್ದರೆ ಗಾಳಿ ಕಡಿಮೆಯಾಗಿ ಪೆಟ್ರೋಲ್ ಜಾಸ್ತಿ ಉರಿಯುತ್ತದೆ. ಕೆಲವರು ಫಿಲ್ಟರ್ ತೆಗೆದೇ ಓಡಿಸುತ್ತಾರೆ. ದಯವಿಟ್ಟು ಹಾಗೆ ಮಾಡಬೇಡಿ. ಆ ದೂಳೆಲ್ಲ ನೇರ ಸಿಲಿಂಡರ್‌ಗೆ ಹೋಗಿ ಪಿಸ್ಟನ್ ರಿಂಗನ್ನು ತಿನ್ನುತ್ತದೆ.

ಪ್ಲಗ್ ಹೇಳುವುದನ್ನು ಕೇಳಿ

ಪ್ಲಗ್ ಬಿಚ್ಚುವ ಮೊದಲು ಸುತ್ತಲಿನ ಮಣ್ಣನ್ನು ಊದಿ ತೆಗೆಯಿರಿ, ಇಲ್ಲದಿದ್ದರೆ ಒಳಗೆ ಬೀಳುತ್ತದೆ. ಬಿಚ್ಚಿದ ಪ್ಲಗ್‌ನ ತುದಿ ಹಾಲು ಬೆರೆಸಿದ ಕಾಫಿಯ ಬಣ್ಣಕ್ಕಿದ್ದರೆ ಒಳಗೆ ಎಲ್ಲ ಸರಿಯಿದೆ. ಮಸಿಯಂತೆ ಒಣ ಕಪ್ಪು ಇದ್ದರೆ ಪೆಟ್ರೋಲ್ ಜಾಸ್ತಿ ಹೋಗುತ್ತಿದೆ. ಬಿಳಿಚಿಕೊಂಡಿದ್ದರೆ ಗಾಳಿ ಜಾಸ್ತಿ. ಕಪ್ಪಗೆ ಜಿಡ್ಡಾಗಿ ಒದ್ದೆಯಿದ್ದರೆ, ನಾಲ್ಕು ಸ್ಟ್ರೋಕ್ ಇಂಜಿನ್‌ನಲ್ಲಿ ಆಯಿಲ್ ಮೇಲೆ ಬರುತ್ತಿದೆ ಎಂದರ್ಥ.

ಪ್ಲಗ್ ತುದಿಯಲ್ಲಿ ಕಿಡಿ ಹಾರುವ ಗ್ಯಾಪನ್ನು ಫೀಲರ್ ಗೇಜ್‌ನಿಂದಲೇ (ಸಂದು ಅಳೆಯುವ ತೆಳು ಪಟ್ಟಿಗಳು) ನೋಡಿ. ಮಾಡೆಲ್‌ಗೆ ತಕ್ಕಂತೆ 0.6ರಿಂದ 0.9 ಮಿ.ಮೀ. ಒಳಗೆ ಇರುತ್ತದೆ, ಸರಿಯಾದ ಅಳತೆ ಗಾಡಿಯ ಪುಸ್ತಕದಲ್ಲಿದೆ. ತುದಿ ಸವೆದು ದುಂಡಗಾಗಿದ್ದರೆ ಉಪ್ಪುಕಾಗದದಲ್ಲಿ ಉಜ್ಜುತ್ತಾ ಕೂರಬೇಡಿ, ಹೊಸದು ಹಾಕಿ. ಅದೇ ನಂಬರಿನ ಪ್ಲಗ್ ಕೇಳಿ ತನ್ನಿ. ಕೂರಿಸುವಾಗ ಮೊದಲ ಸುತ್ತುಗಳನ್ನು ಬೆರಳಿನಲ್ಲೇ ತಿರುಗಿಸಿ, ಸಲೀಸಾಗಿ ಹೋಗಬೇಕು. ಅಡ್ಡ ಕೂತಿದ್ದನ್ನು ಸ್ಪ್ಯಾನರ್ ಹಾಕಿ ಬಿಗಿದರೆ ಹೆಡ್‌ನ ಥ್ರೆಡ್ ಹೋಗುತ್ತದೆ, ದೊಡ್ಡ ಖರ್ಚು.

ಪ್ಲಗ್ ಕ್ಯಾಪನ್ನೂ ಒಮ್ಮೆ ನೋಡಿ. ಮಳೆಯಲ್ಲಿ ಮಾತ್ರ ಮಿಸ್ಸಿಂಗ್ ಬರುವ ಗಾಡಿಗಳಲ್ಲಿ ಬಹಳ ಸಲ ಅದೇ ಬಿರುಕು ಬಿಟ್ಟಿರುತ್ತದೆ. ಮೈಸೂರಿನಲ್ಲಿ 1996ರವರೆಗೆ ತಯಾರಾದ ಯೆಜ್ಡಿಗಳನ್ನು ಇಟ್ಟುಕೊಂಡವರು ಕಿಡಿಗಾಗಿ ಕರೆಂಟ್ ಕಡಿಯುವ ಪಾಯಿಂಟ್‌ಗಳನ್ನೂ ಶುಚಿ ಮಾಡಿ ಗ್ಯಾಪ್ ಹೊಂದಿಸಬೇಕು. ಸಿಡಿಐ (ಎಲೆಕ್ಟ್ರಾನಿಕ್ ಇಗ್ನಿಷನ್) ಇರುವ ಗಾಡಿಗಳಿಗೆ ಆ ಕೆಲಸವಿಲ್ಲ.

ಟ್ಯಾಪೆಟ್: ಸದ್ದಿಲ್ಲ ಅಂದರೆ ಸರಿಯಿದೆ ಅಂತಲ್ಲ

ಟಕಟಕ ಸದ್ದು ಬಂದರೆ ಟ್ಯಾಪೆಟ್, ಅಂದರೆ ವಾಲ್ವ್‌ಗೂ ಅದನ್ನು ಒತ್ತುವ ರಾಕರ್‌ಗೂ ನಡುವಿನ ಸಂದು, ಸಡಿಲ ಎಂದು ಎಲ್ಲರಿಗೂ ಗೊತ್ತು. ಆದರೆ ಸದ್ದೇ ಇಲ್ಲದ ಬಿಗಿ ಟ್ಯಾಪೆಟ್ ಇದಕ್ಕಿಂತ ಕೆಟ್ಟದ್ದು. ವಾಲ್ವ್ ಪೂರ್ತಿ ಮುಚ್ಚಿಕೊಳ್ಳುವುದಿಲ್ಲ, ಕಂಪ್ರೆಷನ್ ಸೋರುತ್ತದೆ, ಇಂಜಿನ್ ಬಿಸಿಯಾದಂತೆ ಸ್ಲೋ ಇಳಿದು ಆಫ್ ಆಗುತ್ತದೆ. ತಣ್ಣಗಿದ್ದಾಗ ಚೆನ್ನಾಗಿದ್ದು ಹತ್ತು ಕಿಲೋಮೀಟರ್ ಹೋದ ಮೇಲೆ ಸತಾಯಿಸುವ ಗಾಡಿಯಾದರೆ ಇದನ್ನು ತಪ್ಪದೆ ನೋಡಿ.

ಇಂಜಿನ್ ಪೂರ್ತಿ ತಣ್ಣಗಿರಬೇಕು, ರಾತ್ರಿಯಿಡೀ ನಿಂತಿದ್ದರೆ ಒಳ್ಳೆಯದು. ಸ್ಪ್ಲೆಂಡರ್ ತರಹದ ಗಾಡಿಗಳಲ್ಲಿ ಎಡಗಡೆ ಮ್ಯಾಗ್ನೆಟ್ ಕವರ್ ಮೇಲೆ ಎರಡು ಮುಚ್ಚಳಗಳಿವೆ. ನಡುವಿನದರಲ್ಲಿ ಸ್ಪ್ಯಾನರ್ ಹಾಕಿ ಇಂಜಿನ್ ತಿರುಗಿಸುವುದು, ಮೇಲಿನದರಲ್ಲಿ ಗುರುತು ನೋಡುವುದು. ಪ್ಲಗ್ ಬಿಚ್ಚಿಟ್ಟರೆ ತಿರುಗಿಸಲು ಹಗುರ. ಎಡಗಡೆಯಿಂದ ನೋಡಿದಾಗ ಗಡಿಯಾರದ ಮುಳ್ಳಿಗೆ ಎದುರಾಗಿ, ನಿಧಾನವಾಗಿ, 'ಟಿ' ಗುರುತು ಕವರ್‌ನ ಗೆರೆಗೆ ಸೇರುವವರೆಗೆ ತಿರುಗಿಸಿ. ಆಗ ಎರಡೂ ರಾಕರ್‌ಗಳು ಬೆರಳಿಗೆ ತುಸು ಅಲುಗಬೇಕು. ಅಲುಗದಿದ್ದರೆ ಇನ್ನೊಂದು ಪೂರ್ತಿ ಸುತ್ತು ತಿರುಗಿಸಿ ಮತ್ತೆ ನೋಡಿ.

ಸಣ್ಣ ಇಂಜಿನ್‌ಗಳಲ್ಲಿ ಈ ಸಂದು ಸಾಮಾನ್ಯವಾಗಿ 0.05ರಿಂದ 0.10 ಮಿ.ಮೀ. ಹೆಚ್ಚೂಕಡಿಮೆ ತಲೆಗೂದಲಿನಷ್ಟು. ಫೀಲರ್ ಪಟ್ಟಿಯನ್ನು ತೂರಿಸಿ ಎಳೆದಾಗ ಬೆಣ್ಣೆಯಲ್ಲಿ ಚಾಕು ಎಳೆದ ಹಾಗೆ ಸಣ್ಣ ಹಿಡಿತ ಸಿಗಬೇಕು. ನಟ್ ಬಿಗಿಯುವಾಗ ಸಂದು ಹೊಂದಿಸುವ ಸ್ಕ್ರೂ ಕೂಡ ತಿರುಗಿಬಿಡುತ್ತದೆ, ಆದ್ದರಿಂದ ಬಿಗಿದ ಮೇಲೆ ಇನ್ನೊಮ್ಮೆ ಅಳೆಯಿರಿ. ಮೊದಲ ಸಲ ಗೊತ್ತಿರುವವರನ್ನು ಪಕ್ಕದಲ್ಲಿ ಕೂರಿಸಿಕೊಂಡು ಮಾಡಿ.

ಕಳ್ಳಗಾಳಿ

ನನ್ನ ತಂದೆಯ ಗಾಡಿ ಒಂದು ವರ್ಷ ಕಾಡಿತು. ಒಮ್ಮೆ ಸ್ಲೋ ತಾನಾಗಿ ಏರುತ್ತಿತ್ತು, ಒಮ್ಮೆ ಆಫ್ ಆಗುತ್ತಿತ್ತು. ಒಂದು ಗ್ಯಾರೇಜಿನಲ್ಲಿ ಹೋದಾಗಲೆಲ್ಲ ಸ್ಕ್ರೂ ತಿರುಗಿಸಿ ಕಳಿಸುತ್ತಿದ್ದರು. ಕೊನೆಗೆ ಕಾರ್ಬುರೇಟರ್ ಹೊಸದು ಹಾಕಿಸಿ ಅಂದರು. ಅಪ್ಪ ದುಡ್ಡು ಹೊಂದಿಸಲು ಓಡಾಡಿದ್ದು ನನಗೆ ಇನ್ನೂ ನೆನಪಿದೆ.

ನಿಜವಾದ ತೊಂದರೆ ಕಾರ್ಬುರೇಟರ್ ಮತ್ತು ಇಂಜಿನ್ ಸೇರುವ ಜಾಗದಲ್ಲಿತ್ತು. ಅಲ್ಲಿನ ಓ ರಿಂಗ್ (ರಬ್ಬರ್ ಬಳೆ) ಚಪ್ಪಟೆಯಾಗಿ ಗಟ್ಟಿಯಾಗಿತ್ತು. ಆ ಸಂದಿನಿಂದ ಗಾಳಿ ಒಳಗೆ ನುಗ್ಗುತ್ತಿತ್ತು. ಕಂಡುಹಿಡಿಯುವುದು ಸುಲಭ. ಇಂಜಿನ್ ಸ್ಲೋನಲ್ಲಿ ಓಡುತ್ತಿರುವಾಗ ಹಳೇ ಬ್ರಷ್‌ನಿಂದ ಸೋಪು ನೀರನ್ನು ಆ ಜೋಡಣೆಯ ಸುತ್ತ ಸವರಿ. ನಮ್ಮ ಗಾಡಿಯಲ್ಲಿ ಕೆಳಗಿನ ಮೂಲೆಗೆ ಬ್ರಷ್ ತಾಗಿದ್ದೇ ತಡ, ನೊರೆ ಸುಯ್ಯೆಂದು ಒಳಗೆ ಹೋಯಿತು, ಇಂಜಿನ್ ಸದ್ದು ಕುಗ್ಗಿತು. ಹೊಸ ಓ ರಿಂಗ್ ಹಾಕಿ ಎರಡು ಬೋಲ್ಟ್‌ಗಳನ್ನು ಸಮನಾಗಿ ಬಿಗಿದೆವು, ಕೆಲಸ ಮುಗಿಯಿತು. ಒಂದೇ ಬೋಲ್ಟನ್ನು ಜಾಸ್ತಿ ಬಿಗಿದರೆ ಕಾರ್ಬುರೇಟರ್‌ನ ಮುಖವೇ ಬಾಗುತ್ತದೆ, ಹುಷಾರು. ಈ ಪರೀಕ್ಷೆಗೆ ಪೆಟ್ರೋಲ್ ಚಿಮುಕಿಸುವವರನ್ನೂ ನೋಡಿದ್ದೇನೆ. ಬಿಸಿ ಇಂಜಿನ್ ಮೇಲೆ ಅದು ಬೆಂಕಿಯ ಜೊತೆ ಆಟ.

ಹಾಗೆಯೇ ಹ್ಯಾಂಡಲನ್ನು ಎಡಕ್ಕೆ, ಬಲಕ್ಕೆ ಪೂರ್ತಿ ತಿರುಗಿಸಿ. ಸ್ಲೋ ಏರಿಳಿದರೆ ಆಕ್ಸಿಲರೇಟರ್ ಕೇಬಲ್ ಎಳೆದುಕೊಂಡಿದೆ, ಕೇಬಲ್‌ಗೆ ಸ್ವಲ್ಪ ಸಡಿಲ ಕೊಡಿ.

ಈಗ ಸ್ಕ್ರೂ ಡ್ರೈವರ್ ತೆಗೆದುಕೊಳ್ಳಿ

ಇಷ್ಟಾದರೂ ಸರಿಹೋಗದಿದ್ದರೆ ಸ್ಲೋ ಜೆಟ್ ಬಿಚ್ಚಿ ಕಾರ್ಬುರೇಟರ್ ಕ್ಲೀನರ್ ಹೊಡೆದು ಗಾಳಿ ಊದಿ. ಬೆಳಕಿಗೆ ಹಿಡಿದರೆ ತೂತು ದುಂಡಗೆ ಕಾಣಬೇಕು. ತಂತಿ, ಸೂಜಿ ತೂರಿಸಬೇಡಿ, ತೂತು ದೊಡ್ಡದಾದರೆ ಜೆಟ್ ಹಾಳು.

ಇಂಜಿನ್ ಚೆನ್ನಾಗಿ ಬಿಸಿಯಾಗಲಿ, ಹತ್ತು ನಿಮಿಷ ಓಡಿಸಿಕೊಂಡು ಬನ್ನಿ. ಡಿಸೆಂಬರ್, ಜನವರಿಯ ನಮ್ಮ ಚಳಿಯಲ್ಲಿ ಇನ್ನೂ ಸ್ವಲ್ಪ ಹೊತ್ತು ಬೇಕು. ಚೋಕ್ ಪೂರ್ತಿ ಆಫ್ ಆಗಿರಲಿ.

ಸ್ಕ್ರೂಗಳು ಎರಡು. ಒಂದು ಸ್ಲೋ ಏರಿಸಿ ಇಳಿಸುವುದು. ಇನ್ನೊಂದು ಸಣ್ಣದು, ಗಾಳಿ ಪೆಟ್ರೋಲ್ ಬೆರಕೆಯದು. ಈ ಸಣ್ಣದು ಇಂಜಿನ್ ಕಡೆಗಿದ್ದರೆ ಹೊರಗೆ ತಿರುಗಿಸಿದಂತೆ ಪೆಟ್ರೋಲ್ ಜಾಸ್ತಿ, ಏರ್ ಫಿಲ್ಟರ್ ಕಡೆಗಿದ್ದರೆ ಹೊರಗೆ ತಿರುಗಿಸಿದಂತೆ ಗಾಳಿ ಜಾಸ್ತಿ. ಇಂಜಿನ್ ಆಫ್ ಮಾಡಿ ಅದನ್ನು ಒಳಗೆ ತಿರುಗಿಸುತ್ತಾ ಎಷ್ಟು ಸುತ್ತು ಹೋಯಿತು ಎಂದು ಎಣಿಸಿ ಬರೆದಿಡಿ. ತಳ ಮುಟ್ಟಿದ ಕೂಡಲೇ ನಿಲ್ಲಿಸಿ. ಅದುಮಿದರೆ ಸೂಜಿಯ ಮೊನೆ ಹೋಗುತ್ತದೆ. ನಂತರ ಒಂದೂವರೆ ಸುತ್ತು ಹೊರಗೆ ತನ್ನಿ. ಬಹಳ ಗಾಡಿಗಳಿಗೆ ಶುರುಮಾಡಲು ಇದು ಸರಿಯಾದ ಜಾಗ.

ಸ್ಟಾರ್ಟ್ ಮಾಡಿ ಸ್ಲೋ ಸ್ವಲ್ಪ ಏರಿಸಿಡಿ. ಬೆರಕೆ ಸ್ಕ್ರೂವನ್ನು ಕಾಲು ಕಾಲು ಸುತ್ತು ತಿರುಗಿಸಿ, ಪ್ರತಿ ಸಲ ಹತ್ತು ಸೆಕೆಂಡ್ ಕಾಯಿರಿ. ಇಂಜಿನ್ ಅತಿ ಜೋರಾಗಿ, ಒಂದೇ ಸಮನೆ ಓಡುವ ಜಾಗ ಸಿಗುತ್ತದೆ. ಅಲ್ಲೇ ಬಿಟ್ಟು, ಸ್ಲೋ ಸ್ಕ್ರೂನಿಂದ ವೇಗ ಇಳಿಸಿ. 100 ಸಿಸಿ ಗಾಡಿಗಳಲ್ಲಿ ಇದು ಸುಮಾರು 1400 ಆರ್‌ಪಿಎಂ. ಮೀಟರ್ ಇಲ್ಲದಿದ್ದರೆ ಕಿವಿಯೇ ಮೀಟರ್. ಒಮ್ಮೆ ಗಬಕ್ಕನೆ ರೇಸ್ ಕೊಟ್ಟು ಬಿಡಿ. ಮುಗ್ಗರಿಸದೆ ಏರಿ, ಇಳಿದು, ಮೊದಲಿನ ಸದ್ದಿಗೇ ಬಂದು ನಿಲ್ಲಬೇಕು.

ಎತ್ತರದ ಮಾತೂ ಇದೆ. ಮಂಗಳೂರು, ಉಡುಪಿ ಕಡೆಯಿಂದ ಸೆಕೆಂಡ್ ಹ್ಯಾಂಡ್ ಗಾಡಿ ತಂದವರು "ಅಲ್ಲಿ ಚೆನ್ನಾಗಿತ್ತು, ಇಲ್ಲಿ ಕಪ್ಪು ಹೊಗೆ" ಅನ್ನುವುದುಂಟು. ಸಮುದ್ರದ ಮಟ್ಟದಲ್ಲಿ ಟ್ಯೂನ್ ಮಾಡಿದ ಗಾಡಿ ಅದು. ನಮ್ಮ ಊರು ಸುಮಾರು 900 ಮೀಟರ್ ಎತ್ತರದಲ್ಲಿದೆ, ಗಾಳಿ ತೆಳು, ಅಷ್ಟೇ ಪೆಟ್ರೋಲ್ ಇಲ್ಲಿ ಜಾಸ್ತಿಯಾಗುತ್ತದೆ. ಅಂಥ ಗಾಡಿಯ ಬೆರಕೆಯನ್ನು ಇಲ್ಲಿ ಹೊಸದಾಗಿ ಹೊಂದಿಸಲೇಬೇಕು. ಹಾಗಂತ 1478 ಮೀಟರ್ ಎತ್ತರದ ನಂದಿ ಬೆಟ್ಟಕ್ಕೆ ಹೋದಾಗ ಗಾಡಿ ಸ್ವಲ್ಪ ಮಂಕಾಯಿತೆಂದು ಅಲ್ಲಿ ನಿಂತು ಸ್ಕ್ರೂ ತಿರುಗಿಸಬೇಡಿ, ಕೆಳಗಿಳಿದರೆ ಸರಿಹೋಗುತ್ತದೆ.

ಎಲ್ಲ ಮಾಡಿದರೂ ಸ್ಲೋ ನಿಲ್ಲದಿದ್ದರೆ, ಸೈಲೆನ್ಸರ್‌ನಿಂದ ನೀಲಿ ಹೊಗೆ ಬರುತ್ತಿದ್ದರೆ, ಕಿಕ್ಕರ್ ತುಳಿದಾಗ ಕಾಲಿಗೆ ಹಿಡಿತವೇ ಸಿಗದಿದ್ದರೆ ರಿಂಗ್ ಅಥವಾ ವಾಲ್ವ್ ಸವೆದಿದೆ. ಕಂಪ್ರೆಷನ್ ಅಳೆಯುವ ಗೇಜ್ ಇಟ್ಟಿರುವ ಮೆಕ್ಯಾನಿಕ್ ಹತ್ತಿರ ಒಯ್ಯಿರಿ.

ಸರಿಹೋಗಿದ್ದರೆ 500 ಕಿಲೋಮೀಟರ್ ಓಡಿಸಿದ ಮೇಲೆ ಪ್ಲಗ್ ಇನ್ನೊಮ್ಮೆ ಬಿಚ್ಚಿ ಬಣ್ಣ ನೋಡಿ. ಕಪ್ಪು ಅಥವಾ ಬಿಳಿ ಕಂಡರೆ ಬೆರಕೆ ಸ್ಕ್ರೂವನ್ನು ಕಾಲು ಸುತ್ತು ಅತ್ತಿತ್ತ ಮಾಡಿ. ಪಕ್ಕದ ಮನೆ ಹುಡುಗ ಮೊನ್ನೆ ಭಾನುವಾರ ಪ್ಲಗ್ ಬಿಚ್ಚಿ ಅಂಗೈ ಮೇಲಿಟ್ಟುಕೊಂಡು ಬಂದು ತೋರಿಸಿದ. ತುದಿ ಕಾಫಿ ಬಣ್ಣಕ್ಕಿತ್ತು.