ತೇಲುವ ಅಕ್ಕಿ ಕಾಳು ಪ್ಲಾಸ್ಟಿಕ್ಕಾ? ನಮ್ಮ ಶಾಲೆಯಲ್ಲಿ ನೋಡಿದ್ದು

ನಾನು ತಿಪಟೂರಿನ ಹತ್ತಿರದ ಹಳ್ಳಿಯೊಂದರಲ್ಲಿ ಹೈಸ್ಕೂಲ್ ವಿಜ್ಞಾನ ಮೇಷ್ಟ್ರು. ಒಂದು ದಿನ ಬೆಳಿಗ್ಗೆ ಬಿಸಿಯೂಟದ ಅಡುಗೆ ಮಾಡುವ ಅಕ್ಕ ಅಕ್ಕಿ ತೊಳೆಯುತ್ತಿದ್ದ ಪಾತ್ರೆಯನ್ನೇ ಎತ್ತಿಕೊಂಡು ಸ್ಟಾಫ್ ರೂಮಿಗೆ ಬಂದರು.

"ನೋಡಿ ಸಾರ್, ತೇಲ್ತಾ ಇದೆ. ಪ್ಲಾಸ್ಟಿಕ್ ಅಕ್ಕಿ ಬೆರೆಸಿದಾರೆ. ಇದನ್ನ ಮಕ್ಕಳಿಗೆ ಹೆಂಗೆ ಹಾಕ್ಲಿ?"

ನೀರಿನ ಮೇಲೆ ಒಂದಿಷ್ಟು ಕಾಳು ನಿಜವಾಗಿಯೂ ತೇಲುತ್ತಿದ್ದವು. ಅದು ಸಾರವರ್ಧಿತ ಅಕ್ಕಿ, ಅಂದರೆ ಪೋಷಕಾಂಶ ಸೇರಿಸಿದ ಅಕ್ಕಿ ಅಂತ ನನಗೆ ಗೊತ್ತಿತ್ತು. ಆದರೆ ಮಕ್ಕಳ ತಟ್ಟೆಗೆ ಬಡಿಸುವವರಿಗೆ ಭಯ ಇರುವುದು ಸಹಜ ಅಲ್ವಾ? ಸುಮ್ನೆ "ಏನೂ ಆಗಲ್ಲ ಹೋಗಿ" ಅನ್ನಲು ಮನಸ್ಸು ಬರಲಿಲ್ಲ.

ಒಂಬತ್ತನೇ ಕ್ಲಾಸಿನ ಮಕ್ಕಳನ್ನು ಕರೆದೆ. ತೇಲಿದ ಕಾಳನ್ನೆಲ್ಲ ಆರಿಸಿ ಮೊರದಲ್ಲಿ ಹರಡಿದರು. ಬಣ್ಣ ಸ್ವಲ್ಪ ಹಳದಿ. ಪಕ್ಕದಲ್ಲಿ ಮಾಮೂಲಿ ಅಕ್ಕಿ, ಒಡೆದ ಬಕೆಟ್ಟಿನ ಚೂರು ಇಟ್ಟುಕೊಂಡೆವು. ಹೋಲಿಸಿ ನೋಡಲು ಏನಾದರೂ ಇರಲೇಬೇಕು. ಇಲ್ಲದಿದ್ದರೆ ಅದು ಪರೀಕ್ಷೆಯೇ ಅಲ್ಲ.

ಮೊದಲು ನೆನೆಸಿ ಜಜ್ಜಿ, ಒಂದೊಂದು ಹನಿ ಟಿಂಚರ್ ಅಯೋಡಿನ್ ಬಿಟ್ಟೆವು. ಎರಡೂ ಅಕ್ಕಿ ಕಡುನೀಲಿಗೆ ತಿರುಗಿ ಕಪ್ಪಾದವು. ಅಂದರೆ ಎರಡರಲ್ಲೂ ಪಿಷ್ಟ ಇದೆ. ಬಕೆಟ್ ಚೂರಿನ ಮೇಲೆ ಹನಿ ಕಂದು ಬಣ್ಣದಲ್ಲೇ ಕೂತಿತ್ತು. ಆಮೇಲೆ ಅಂಗಳದಲ್ಲಿ ಇಕ್ಕಳದಿಂದ ಹಿಡಿದು ಸುಟ್ಟೆ. ಪ್ಲಾಸ್ಟಿಕ್ ಕರಗಿ ತೊಟ್ಟಿಕ್ಕಿತು. ಆ ಕಾಳು ಮಾತ್ರ ಅನ್ನ ಸೀದಾಗಿನ ವಾಸನೆ ಬಿಟ್ಟು ಕರಕಲಾಯಿತು. ಅಕ್ಕ ಹತ್ತಿರ ಬಂದು ಮೂಸಿ ನೋಡಿದರು. ಅವರ ಮುಖ ಸಡಿಲವಾಗಿದ್ದು ಆಗಲೇ.

"ಮತ್ತೆ ಪ್ಲಾಸ್ಟಿಕ್ ಅಕ್ಕಿ ಆದ್ರೆ ಅನ್ನದ ಉಂಡೆ ಪುಟಿಯುತ್ತೆ ಅಂತಾರಲ್ಲ ಸಾರ್?" ಅಂದ ಒಬ್ಬ ಹುಡುಗ. ಒಳ್ಳೆಯ ಪ್ರಶ್ನೆ. ಮಾರನೇ ದಿನ ಅವನೇ ಮನೆಯ ಗದ್ದೆಯ ಅಕ್ಕಿಯ ಅನ್ನ ತಂದ. ಗಟ್ಟಿಯಾಗಿ ಉಂಡೆ ಕಟ್ಟಿ ನೆಲಕ್ಕೆ ಹಾಕಿದರೆ ಅದೂ ಪುಟಿಯಿತು. ಬೆಂದ ಪಿಷ್ಟ ಅಂಟಾಗಿ ಹಿಡಿದುಕೊಳ್ಳುವುದೇ ಕಾರಣ.

ಹಾಗಾದರೆ ಆ ಕಾಳು ಏನು? ಅಕ್ಕಿ ಹಿಟ್ಟಿಗೆ ಕಬ್ಬಿಣದ ಅಂಶ, ಫೋಲಿಕ್ ಆಮ್ಲ, ವಿಟಮಿನ್ ಬಿ12 ಸೇರಿಸಿ, ಕಲಸಿ, ಯಂತ್ರದಲ್ಲಿ ಶಾವಿಗೆಯ ಹಾಗೆ ಒತ್ತಿ ಅಕ್ಕಿಯ ಆಕಾರಕ್ಕೆ ಕತ್ತರಿಸುತ್ತಾರೆ. ಸಾಮಾನ್ಯವಾಗಿ 100 ಕಿಲೋ ಅಕ್ಕಿಗೆ 1 ಕಿಲೋ ಬೆರೆಸುತ್ತಾರೆ. ಮಾಮೂಲಿ ಕಾಳಿಗಿಂತ ಹಗುರ, ಅದಕ್ಕೇ ತೇಲುತ್ತದೆ.

ಇಲ್ಲಿ ಇನ್ನೊಂದು ಮಾತು ಹೇಳಲೇಬೇಕು. ಪ್ಲಾಸ್ಟಿಕ್ ಅಲ್ಲ ಅನ್ನುವುದು ಬೇರೆ, ಇದರಿಂದ ರಕ್ತಹೀನತೆ ಎಷ್ಟು ಕಡಿಮೆಯಾಗುತ್ತದೆ ಅನ್ನುವುದು ಬೇರೆ. ಮೊದಲನೆಯದನ್ನು ಅಂಗಳದಲ್ಲೇ ನೋಡಿಬಿಡಬಹುದು. ಎರಡನೆಯದಕ್ಕೆ ಸಾವಿರಾರು ಜನರ ಮೇಲೆ ತಿಂಗಳುಗಟ್ಟಲೆ ಅಧ್ಯಯನ ಬೇಕು. ಅದರ ಬಗ್ಗೆ ತಜ್ಞರಲ್ಲೇ ಭಿನ್ನಾಭಿಪ್ರಾಯ ಇದೆ. ಹಾಗಾಗಿ ಸೊಪ್ಪು, ಬೇಳೆಕಾಳು ಬಿಡಬೇಡಿ ಅಂತ ಪೋಷಕರ ಸಭೆಯಲ್ಲಿ ಹೇಳಿದೆ. ಥಲಸ್ಸೇಮಿಯಾ (ಮೈಯಲ್ಲಿ ಕಬ್ಬಿಣದ ಅಂಶ ಅತಿಯಾಗಿ ಸೇರಬಹುದಾದ, ಹುಟ್ಟಿನಿಂದ ಬರುವ ರಕ್ತದ ಕಾಯಿಲೆ) ಇರುವ ಮಕ್ಕಳಿದ್ದರೆ ಡಾಕ್ಟರನ್ನು ಕೇಳಿ ಅಂತಲೂ ಹೇಳಿದೆ.

ಈಗ ಅಕ್ಕ ಅಕ್ಕಿ ತೊಳೆದ ನೀರನ್ನು ಜರಡಿಯ ಮೇಲೆ ಬಗ್ಗಿಸುತ್ತಾರೆ. ಜರಡಿಗೆ ಸಿಕ್ಕ ಹಳದಿ ಕಾಳನ್ನು ಬಳಿದು ಮತ್ತೆ ಪಾತ್ರೆಗೇ ಹಾಕುತ್ತಾರೆ.