ಗೈಡ್ ತೆರೆಯುವ ಮುಂಚೆ: ಬಿ.ಎ.ಯಲ್ಲಿ ಇಂಗ್ಲಿಷ್ ಸಾಹಿತ್ಯ ಓದುವುದು ಹೇಗೆ?

ಪಿಯುಸಿ ಫಲಿತಾಂಶ ಬಂದ ವಾರದಲ್ಲಿ ಕಾರವಾರದವರಿರಲಿ, ಶಿರಸಿಯವರಿರಲಿ, ನನ್ನನ್ನು ಕೇಳುವುದು ಒಂದೇ ಪ್ರಶ್ನೆ. "ಸರ್, ಹತ್ತನೇ ತರಗತಿವರೆಗೂ ಕನ್ನಡ ಮೀಡಿಯಂ. ಬಿ.ಎ.ಯಲ್ಲಿ ಇಂಗ್ಲಿಷ್ ತಗೊಂಡ್ರೆ ಪಾಸಾಗ್ತೇನಾ?" ಖಂಡಿತ ಆಗ್ತೀರಿ. ನಾನೂ ಹಾಗೆ ಓದಿ ಬಂದವನೇ. ಆದರೆ ಯಾವುದನ್ನು ಮೊದಲು ಓದಬೇಕು, ಯಾವುದನ್ನು ಆಮೇಲೆ ಅನ್ನುವುದು ಗೊತ್ತಿರಬೇಕು. ನನಗೆ ಅದು ಗೊತ್ತಾಗಲು ಎರಡು ವರ್ಷ ಬೇಕಾಯಿತು.

ಅಡ್ಮಿಶನ್ ದಿನ

ಭಾಷೆಯಾಗಿ ಇಂಗ್ಲಿಷ್ ಪೇಪರ್ ಬರೆಯುವುದು ಬೇರೆ, ಸಾಹಿತ್ಯ ಓದುವ ಆಪ್ಶನಲ್ ಇಂಗ್ಲಿಷ್ ಬೇರೆ. ಎರಡನ್ನೂ ಒಂದೇ ಅಂದುಕೊಂಡು ಫಾರ್ಮ್ ತುಂಬಿ, ಆಮೇಲೆ ಬೇಜಾರು ಮಾಡಿಕೊಂಡವರಿದ್ದಾರೆ. ಆಪ್ಶನಲ್ ಇಂಗ್ಲಿಷ್ ಎಲ್ಲ ಕಾಲೇಜಿನಲ್ಲೂ ಇರುವುದಿಲ್ಲ. ಫೀ ಕಟ್ಟುವ ಮೊದಲೇ ಕೇಳಿ. ನಮ್ಮ ಜಿಲ್ಲೆಯ ಹೆಚ್ಚಿನ ಡಿಗ್ರಿ ಕಾಲೇಜುಗಳು ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯಕ್ಕೆ ಸೇರಿದವು. ಅದರ ವೆಬ್‌ಸೈಟಿನಿಂದ ನಿಮ್ಮ ವರ್ಷದ ಸಿಲೆಬಸ್ ಇಳಿಸಿಕೊಳ್ಳಿ. ಸೀನಿಯರ್ ಕೊಟ್ಟ ಹಳೇ ನೋಟ್ಸ್ ನಂಬಿ ಕೂರಬೇಡಿ, ಪಠ್ಯ ಬದಲಾಗಿರಬಹುದು.

ಪದ್ಯ ಮೊದಲು, ಗೈಡ್ ಕೊನೆಗೆ

ನಾನು ಎರಡನೇ ವರ್ಷದಲ್ಲಿದ್ದಾಗ ಇಂಗ್ಲಿಷ್ ಕವಿ ಟೆನಿಸನ್‌ನ 'ಕ್ರಾಸಿಂಗ್ ದ ಬಾರ್' ಪಾಠಕ್ಕೆ ಇತ್ತು. ಹದಿನಾರೇ ಸಾಲು. ಅವನು ಅದನ್ನು ಬರೆದದ್ದು 1889ರಲ್ಲಿ, ಎಂಬತ್ತರ ವಯಸ್ಸಿನಲ್ಲಿ, ಇಂಗ್ಲೆಂಡಿನ ವೈಟ್ ದ್ವೀಪಕ್ಕೆ (ಐಲ್ ಆಫ್ ವೈಟ್) ದೋಣಿಯಲ್ಲಿ ಹೋಗುವಾಗ. ನಾನು ಗೈಡ್ ಓದಿ ತಯಾರಾಗಿದ್ದೆ. "ಬಾರ್ ಅಂದರೆ ಏನು?" ಎಂದು ಮೇಷ್ಟ್ರು ಕೇಳಿದರು. "ಸಾವಿನ ಸಂಕೇತ ಸರ್" ಅಂದೆ. "ಸಂಕೇತ ಆಗೋಕೆ ಮುಂಚೆ ಅದು ಏನಾಗಿತ್ತು?" ನನ್ನ ಹತ್ತಿರ ಉತ್ತರ ಇರಲಿಲ್ಲ.

ಉತ್ತರ ನಮ್ಮ ಮನೆಯ ಹತ್ತಿರವೇ ಇತ್ತು. ನಮ್ಮ ಮಾವ ತದಡಿಯಲ್ಲಿ ಮೀನುಗಾರಿಕೆ ಮಾಡುತ್ತಿದ್ದರು. ಅಲ್ಲಿ ಅಘನಾಶಿನಿ ಹೊಳೆ ಸಮುದ್ರ ಸೇರುವ ಅಳಿವೆ. ಹೊಳೆ ತಂದ ಮರಳು, ಸಮುದ್ರ ತಳ್ಳಿದ ಮರಳು ಎರಡೂ ಸೇರಿ ಅಳಿವೆಯ ಬಾಯಲ್ಲಿ ನೀರಿನೊಳಗೆ ದಿಬ್ಬ ಕಟ್ಟುತ್ತದೆ. ಅದೇ ಬಾರ್. ಇಳಿತದ ಹೊತ್ತಿಗೆ ತೆರೆಗಳು ಅದರ ಮೇಲೆ ಒಡೆದು ನೊರೆ ಏಳುತ್ತದೆ, ಮೊರೆತ ಕೇಳುತ್ತದೆ. ಭರತ ಏರಿದ ಮೇಲೆ ದಿಬ್ಬ ಮುಳುಗಿ ಸದ್ದು ಅಡಗುತ್ತದೆ. "ನೀರು ಏರ್ಲಿ ತಡಿಯೋ, ಈಗ ದಾಟೂಕಾಗುದಿಲ್ಲ" ಎಂದು ಮಾವ ಎಷ್ಟು ಸಲ ಹೇಳಿದ್ದರೋ. ಟೆನಿಸನ್ ಕೇಳಿಕೊಳ್ಳುವುದೂ ಅದನ್ನೇ: ನಾನು ಹೊರಡುವಾಗ ದಿಬ್ಬ ಮೊರೆಯದಿರಲಿ, ಸದ್ದಿಲ್ಲದ ತುಂಬು ಭರತ ಇರಲಿ. ಕೊನೆಗೆ ಬರುವ 'ಪೈಲಟ್' ವಿಮಾನದವನಲ್ಲ. ಬಂದರಿನ ಬಾಯಲ್ಲಿ ಹಡಗು ಹತ್ತಿ ದಾರಿ ತೋರಿಸುವವನು. ಇಷ್ಟು ತಿಳಿದ ಮೇಲೆ ಸಾವಿನ ಮಾತು ಯಾರೂ ಹೇಳಿಕೊಡದೆ ಅರ್ಥವಾಯಿತು. ಅವತ್ತು ರಾತ್ರಿ ಆ ಮೊರೆತವನ್ನು ನಾನು ಬೇರೆಯೇ ಕಿವಿಯಲ್ಲಿ ಕೇಳಿದೆ.

ಅವತ್ತಿನಿಂದ ನಾನು ಓದುವ ಕ್ರಮ ಇದು. ಮೊದಲ ಸಲ ಪದ್ಯವನ್ನು ಗಟ್ಟಿಯಾಗಿ ಓದಿ, ಡಿಕ್ಷನರಿ ಮುಟ್ಟಬೇಡಿ. ಎರಡನೇ ಸಲ ಪೆನ್ಸಿಲ್ ಹಿಡಿಯಿರಿ. ಕಣ್ಣಿಗೆ ಕಾಣುವ, ಕಿವಿಗೆ ಕೇಳುವ, ಕೈಗೆ ಸಿಗುವ ವಸ್ತುಗಳ ಹೆಸರಿಗೆ ಸುತ್ತು ಹಾಕಿ, ಅವುಗಳ ಅರ್ಥ ಮಾತ್ರ ಹುಡುಕಿ. ಅದಕ್ಕೆ ನಿಮ್ಮ ಊರಿನ ಮಾತು ಯಾವುದು ಅಂತ ಪಕ್ಕದಲ್ಲಿ ಬರೆಯಿರಿ. ಮೂರನೇ ಸಲ ಯಾರು ಮಾತಾಡುತ್ತಿದ್ದಾರೆ, ಯಾರ ಹತ್ತಿರ, ಯಾವ ಹೊತ್ತಿನಲ್ಲಿ ಅಂತ ನೋಡಿ. ಈ ಪದ್ಯ ಸೂರ್ಯ ಮುಳುಗುವಾಗ ಶುರುವಾಗುತ್ತದೆ, ಮೂರನೇ ಚರಣಕ್ಕೆ ಮುಸ್ಸಂಜೆ, ಆಮೇಲೆ ಕತ್ತಲೆ. ಇದೆಲ್ಲ ಆದಮೇಲೆ ಗೈಡ್ ತೆರೆಯಿರಿ. ಆಗ ಅದು ಹೇಳಿದ್ದು ಸರಿಯೋ ತಪ್ಪೋ ನಿಮಗೇ ತಿಳಿಯುತ್ತದೆ.

ಲಘು-ಗುರು ಮರೆಯಬೇಡಿ

ಛಂದಸ್ಸು ಬಂದಾಗ ಹುಡುಗರು ಹೆದರುತ್ತಾರೆ. ಹೈಸ್ಕೂಲಿನ ಕನ್ನಡ ಪೀರಿಯಡ್ಡಿನಲ್ಲಿ ಪ್ರಸ್ತಾರ ಹಾಕಿದ್ದೀರಿ ಅಲ್ವಾ? ಆ ಅಭ್ಯಾಸವೇ ಸಾಕು. ಕನ್ನಡದಲ್ಲಿ ಅಕ್ಷರಕ್ಕೆ ಎಷ್ಟು ಮಾತ್ರೆ ಅಂತ ಎಣಿಸುತ್ತೇವೆ, ಇಂಗ್ಲಿಷಿನಲ್ಲಿ ಒತ್ತು ಎಲ್ಲಿ ಬೀಳುತ್ತದೆ ಅಂತ ನೋಡಬೇಕು, ವ್ಯತ್ಯಾಸ ಅಷ್ಟೇ. 'ಹೋಟೆಲ್' ಅನ್ನುವಾಗ ನಾವು 'ಹೋ' ಎಳೆಯುತ್ತೇವೆ. ಇಂಗ್ಲಿಷಿನವರ ಒತ್ತು 'ಟೆಲ್' ಮೇಲೆ. ಹೀಗೆ ಹಗುರ-ಒತ್ತು, ಹಗುರ-ಒತ್ತು ಅಂತ ಐದು ಸಲ ಬಂದರೆ ಶೇಕ್ಸ್‌ಪಿಯರ್‌ನ ಸಾಮಾನ್ಯ ಸಾಲು. ಅಂಥ 14 ಸಾಲು ಸೇರಿದರೆ ಅವನ ಸಾನೆಟ್. ಬೆರಳಿನಲ್ಲಿ ಮೇಜು ತಟ್ಟುತ್ತ ಓದಿ. ಲಿಬ್ರಿವಾಕ್ಸ್ ಎಂಬ ಆಡಿಯೊ ಪುಸ್ತಕಗಳ ವೆಬ್‌ಸೈಟಿನಲ್ಲಿ ಓದಿದವರ ಧ್ವನಿ ಪುಕ್ಕಟೆ ಸಿಗುತ್ತದೆ, ಬಸ್ಸಿನಲ್ಲಿ ಹೋಗುವಾಗ ಕೇಳಬಹುದು.

ಉತ್ತರ ಬರೆಯುವ ಅಭ್ಯಾಸ

ಟಿಪ್ಪಣಿ ಕನ್ನಡದಲ್ಲೇ ಮಾಡಿಕೊಳ್ಳಿ, ನಾಚಿಕೆ ಬೇಡ. ಯೋಚನೆ ಗಟ್ಟಿಯಾದ ಮೇಲೆ ಇಂಗ್ಲಿಷಿನಲ್ಲಿ ದಿನಕ್ಕೆ ನಾಲ್ಕೇ ವಾಕ್ಯ ಬರೆಯಿರಿ, ಸಣ್ಣ ವಾಕ್ಯ. ನಾನು ಪೇಪರ್ ತಿದ್ದುವಾಗ ಒಂದೇ ಗೈಡಿನ ಒಂದೇ ಪ್ಯಾರಾ ಮೂವತ್ತು ಸಲ ಓದಿದ ಮೇಲೆ, ಎಲ್ಲೋ ಒಬ್ಬಳು ವ್ಯಾಕರಣ ತಪ್ಪಿದರೂ ತನ್ನದೇ ಮಾತಿನಲ್ಲಿ ಬರೆದಿದ್ದರೆ ಮನಸ್ಸು ತುಂಬುತ್ತದೆ. ವ್ಯಾಕರಣ ತಿದ್ದಬಹುದು. ಓದದೇ ಬರೆದದ್ದನ್ನು ತಿದ್ದಲಾಗುವುದಿಲ್ಲ.

ಇನ್ನೊಂದು ಅಭ್ಯಾಸ ನನಗೆ ತುಂಬ ಇಷ್ಟ. ಗೋಕರ್ಣದ ಜಯಂತ ಕಾಯ್ಕಿಣಿಯವರ ಕಥೆಗಳನ್ನು ತೇಜಸ್ವಿನಿ ನಿರಂಜನ ಇಂಗ್ಲಿಷಿಗೆ ತಂದಿದ್ದಾರೆ, 'ನೋ ಪ್ರೆಸೆಂಟ್ಸ್ ಪ್ಲೀಸ್'. ದಕ್ಷಿಣ ಏಷ್ಯಾದ ಸಾಹಿತ್ಯಕ್ಕೆ ಕೊಡುವ ಡಿಎಸ್‌ಸಿ ಪ್ರಶಸ್ತಿಯನ್ನು 2018ನೇ ಸಾಲಿಗೆ ಪಡೆದ ಪುಸ್ತಕ. ಒಂದು ಕಥೆಯ ಕನ್ನಡ ಪುಟ, ಇಂಗ್ಲಿಷ್ ಪುಟ ಅಕ್ಕಪಕ್ಕ ಇಟ್ಟುಕೊಳ್ಳಿ. ಕನ್ನಡದ ಒಂದು ಪ್ಯಾರಾ ನೀವೇ ಇಂಗ್ಲಿಷ್ ಮಾಡಿ, ಆಮೇಲೆ ಹೋಲಿಸಿ. ಒಂದು ಪ್ಯಾರಾಕ್ಕೆ ಒಂದು ಗಂಟೆ ಹಿಡಿದರೂ ಪರವಾಗಿಲ್ಲ.

ಹಳೆಯ ಪಠ್ಯಗಳಿಗೆ ದುಡ್ಡು ಖರ್ಚು ಮಾಡುವುದೇ ಬೇಡ. ನಮ್ಮ ದೇಶದಲ್ಲಿ ಲೇಖಕರು ತೀರಿಕೊಂಡು 60 ವರ್ಷ ಕಳೆದ ಮೇಲೆ ಹಕ್ಕುಸ್ವಾಮ್ಯ ಮುಗಿಯುತ್ತದೆ. ಅಂಥ ಪುಸ್ತಕಗಳು ಪ್ರಾಜೆಕ್ಟ್ ಗುಟೆನ್‌ಬರ್ಗ್ ಎಂಬ ವೆಬ್‌ಸೈಟಿನಲ್ಲಿ ಪುಕ್ಕಟೆ ರಾಶಿ ಇವೆ.

ಮುಂದೇನು?

ಅಪ್ಪ-ಅಮ್ಮ ಕೇಳುವುದು ಇದನ್ನೇ. ಹೈಸ್ಕೂಲಿನಲ್ಲಿ ಕಲಿಸಲು ಬಿ.ಎ. ಆದಮೇಲೆ ಎರಡು ವರ್ಷದ ಬಿ.ಇಡಿ. ಬೇಕು. ಕಾಲೇಜಿನಲ್ಲಿ ಕಲಿಸುವ ಆಸೆ ಇದ್ದರೆ ಎರಡು ವರ್ಷದ ಎಂ.ಎ., ಆಮೇಲೆ ಅಧ್ಯಾಪಕರ ಅರ್ಹತಾ ಪರೀಕ್ಷೆ, ಅಂದರೆ ದೇಶಮಟ್ಟದ ನೆಟ್ ಅಥವಾ ನಮ್ಮ ರಾಜ್ಯದ ಕೆ-ಸೆಟ್. ನೆಟ್‌ಗೆ ಎಂ.ಎ.ಯಲ್ಲಿ ಸಾಮಾನ್ಯ ವರ್ಗದವರಿಗೆ ಶೇ 55 ಅಂಕ ಬೇಕು, ಎಸ್‌ಸಿ, ಎಸ್‌ಟಿ, ಒಬಿಸಿಯಂಥ ಮೀಸಲಾತಿ ಇರುವವರಿಗೆ ಶೇ 50. ಎಂ.ಎ. ಕೊನೆಯ ವರ್ಷದಲ್ಲಿರುವಾಗಲೇ ಬರೆಯಬಹುದು. ಮೂರು ಗಂಟೆ, 150 ಪ್ರಶ್ನೆ, ತಪ್ಪು ಉತ್ತರಕ್ಕೆ ಅಂಕ ಕಳೆಯುವುದಿಲ್ಲ. ಮೊದಲ ಪೇಪರಿನಲ್ಲಿ ನೀವು ಹಿಂದೆಂದೂ ನೋಡಿರದ ಒಂದು ಗದ್ಯಭಾಗ ಕೊಟ್ಟು ಪ್ರಶ್ನೆ ಕೇಳುತ್ತಾರೆ. ಅದಕ್ಕೆ ಯಾವ ಗೈಡೂ ಇಲ್ಲ. ಮೊದಲ ಸೆಮಿಸ್ಟರಿನಲ್ಲಿ ಪೆನ್ಸಿಲ್ ಹಿಡಿದು ಸುತ್ತು ಹಾಕಿದ ಅಭ್ಯಾಸ ಅಲ್ಲಿ ಕೈಹಿಡಿಯುತ್ತದೆ.