ಹೆಂಡತಿ ತವರಿಗೆ ಹೋದಾಗ: 20 ನಿಮಿಷದ ದಾಂಪತ್ಯ ನಗೆಚಿತ್ರ ಬರೆದು ಚಿತ್ರೀಕರಿಸುವ ಬಗೆ

ಊರಲ್ಲಿಲ್ಲದ ಹೆಂಡತಿ, ಮನೆಯಲ್ಲಿ ಒಂಟಿ ಗಂಡ, ಮೇಲಿನ ಮನೆಗೆ ಬಾಡಿಗೆಗೆ ಬಂದ ಚೆಂದದ ಹುಡುಗಿ. ಇಷ್ಟಿದ್ದರೆ ಕಥೆ ಆಯಿತು ಎಂದುಕೊಂಡು ಶುರುಮಾಡಿದ ಕಿರುಚಿತ್ರ ಐದನೇ ನಿಮಿಷಕ್ಕೇ ಮುಗ್ಗರಿಸುತ್ತದೆ. ಆಸೆಯೊಂದರಿಂದಲೇ ನಗು ಬರುವುದಿಲ್ಲ, ಅದಕ್ಕೆ ಅಡ್ಡ ಬಂದದ್ದು ನಗಿಸುತ್ತದೆ. ಹಾಗಾಗಿ ಮೊದಲು ಅಡ್ಡಿಯನ್ನು ಬರೆಯಿರಿ, ಹುಡುಗಿಯ ಪಾತ್ರ ಆಮೇಲೆ.

ಹಳೆಯ ಚಿತ್ರಗಳನ್ನು ನೋಡುವಾಗಲೂ ಇದನ್ನೇ ಹುಡುಕಬೇಕು. ಹಾಲಿವುಡ್‌ನಲ್ಲಿ 1934ರಿಂದ ನಿರ್ಮಾಣ ಸಂಹಿತೆ ಎಂಬ ನೀತಿ ನಿಯಮಾವಳಿ ಬಿಗಿಯಾಗಿ ಜಾರಿಗೆ ಬಂತು, ವ್ಯಭಿಚಾರವನ್ನು ಆಕರ್ಷಕವಾಗಿ ತೋರಿಸುವ ಹಾಗಿರಲಿಲ್ಲ. ಬರಹಗಾರರು ಸುಮ್ಮನೆ ಕೂರಲಿಲ್ಲ. ಗಂಡ ಹೆಂಡತಿಯನ್ನು ಡೈವೋರ್ಸ್‌ ತನಕ ಕರೆದೊಯ್ದು, ಮತ್ತೆ ಒಬ್ಬರ ಹಿಂದೆ ಒಬ್ಬರು ಬೀಳುವ ಹಾಗೆ ಮಾಡಿದರು. 1937ರ ‘ದಿ ಆಫುಲ್ ಟ್ರೂತ್’, 1940ರ ‘ಹಿಸ್ ಗರ್ಲ್ ಫ್ರೈಡೇ’ ಎರಡೂ ಈ ದಾರಿಯವು. 1955ರಲ್ಲಿ ಬಿಲ್ಲಿ ವೈಲ್ಡರ್ ‘ದಿ ಸೆವೆನ್ ಇಯರ್ ಇಚ್’ ಮಾಡಿದಾಗ, ಜಾರ್ಜ್ ಆಕ್ಸೆಲ್‌ರಾಡ್‌ನ ಮೂಲ ನಾಟಕದಲ್ಲಿ ಜಾರಿಬೀಳುವ ಗಂಡ ತೆರೆಯ ಮೇಲೆ ಜಾರುವಂತಿರಲಿಲ್ಲ. ಜಾರಾಟವೆಲ್ಲ ಅವನ ತಲೆಯೊಳಗಿನ ಕನಸಾಯಿತು. ಇಟಲಿಯಲ್ಲಿ ಅಡ್ಡಿ ಇನ್ನೂ ವಿಚಿತ್ರ. ಅಲ್ಲಿ 1970ರ ತನಕ ವಿಚ್ಛೇದನವೇ ಇರಲಿಲ್ಲ, ಆದರೆ ಮಾನಕ್ಕಾಗಿ ಹೆಂಡತಿಯನ್ನು ಕೊಂದವನಿಗೆ ಶಿಕ್ಷೆ ಕಡಿಮೆ. ಆ ಕಾನೂನು ಹೋದದ್ದು 1981ರಲ್ಲಿ. ಪಿಯೆತ್ರೊ ಜೆರ್ಮಿಯ 1961ರ ‘ಡೈವೋರ್ಸ್ ಇಟಾಲಿಯನ್ ಸ್ಟೈಲ್’ ನಿಂತಿರುವುದೇ ಈ ಅಸಂಬದ್ಧದ ಮೇಲೆ: ಹೆಂಡತಿ ಯಾರ ಜೊತೆಗಾದರೂ ಸಿಕ್ಕಿಬೀಳಲಿ ಎಂದು ಗಂಡನೇ ಹೆಣಗಾಡುತ್ತಾನೆ.

ನಮ್ಮಲ್ಲಿ ವ್ಯಭಿಚಾರವನ್ನು ಅಪರಾಧವೆನ್ನುತ್ತಿದ್ದ ದಂಡ ಸಂಹಿತೆಯ 497ನೇ ಕಲಮನ್ನು ಸುಪ್ರೀಂ ಕೋರ್ಟ್ 2018ರ ಸೆಪ್ಟೆಂಬರಿನಲ್ಲಿ ರದ್ದು ಮಾಡಿತು. ವ್ಯಭಿಚಾರ ಈಗ ಅಪರಾಧವಲ್ಲ, ವಿಚ್ಛೇದನಕ್ಕೆ ಕಾರಣ ಮಾತ್ರ. ಪೊಲೀಸರು ಬಂದು ನಿಮ್ಮ ಕಥೆ ಕಾಯುವುದಿಲ್ಲ ಎಂದಾಯಿತು. ಕಥೆ ತುಮಕೂರಿನಲ್ಲಿ ನಡೆಯುವುದಾದರೆ ಆ ಕೆಲಸಕ್ಕೆ ಕೆಳಗಿನ ಮನೆಯ ಓನರ್ ಆಂಟಿ ಇದ್ದಾರೆ, ಶಿರಾ ಗೇಟ್ ಬಸ್ಸಿನಲ್ಲಿ ಎದುರಾಗುವ ಹೆಂಡತಿಯ ಸೋದರಮಾವ ಇದ್ದಾರೆ, ಎರಡು ಬೀದಿಗೊಬ್ಬ ನೆಂಟ ಇದ್ದಾನೆ. ಇವರಲ್ಲಿ ಒಬ್ಬರನ್ನು ಆರಿಸಿ. ಮೂವರನ್ನೂ ತಂದರೆ 20 ನಿಮಿಷ ಸಾಲುವುದಿಲ್ಲ.

ಹೆಂಡತಿಯನ್ನು ಯಾಕೆ ಕಳಿಸುತ್ತೀರಿ ಎಂಬುದನ್ನು ಹಗುರವಾಗಿ ತೆಗೆದುಕೊಳ್ಳಬೇಡಿ. ಆಷಾಢ ಕೈಗೆ ಸಿಕ್ಕ ನೆಪ, ಆದರೆ ಅದು ಹೊಸದಾಗಿ ಮದುವೆಯಾದವರಿಗೆ. ಮೊದಲ ವರ್ಷದಲ್ಲೇ ಕಣ್ಣು ಹೊರಳಿಸುವ ಗಂಡನನ್ನು ಪ್ರೇಕ್ಷಕರು ಅಷ್ಟಾಗಿ ಹಚ್ಚಿಕೊಳ್ಳುವುದಿಲ್ಲ. ಬಾಣಂತನಕ್ಕಂತೂ ಕಳಿಸಲೇಬೇಡಿ. ಅತ್ತ ಹೆಂಡತಿ ಹೆರಿಗೆಯ ಮಂಚದಲ್ಲಿರುವಾಗ ಇತ್ತ ಇವನು ಪೌಡರ್ ಹಚ್ಚಿಕೊಂಡರೆ ಮಹಿಳಾ ಪ್ರೇಕ್ಷಕರು ಅಲ್ಲಿಗೇ ಚಿತ್ರವನ್ನು ಬಿಟ್ಟುಬಿಡುತ್ತಾರೆ, ಮುಂದೆ ಎಂಥ ಜೋಕ್ ಹಾಕಿದರೂ ವಾಪಸ್ ಬರುವುದಿಲ್ಲ. ಏಪ್ರಿಲ್‌ನ ಬೇಸಿಗೆ ರಜೆ ಒಳ್ಳೆಯದು: ಮದುವೆಯಾಗಿ ಏಳೆಂಟು ವರ್ಷ, ಮಕ್ಕಳನ್ನು ಕರೆದುಕೊಂಡು ಅಜ್ಜಿ ಮನೆಗೆ.

ಅಜ್ಜಿ ಮನೆ ಎಲ್ಲಿದೆ ಎಂಬುದೇ ನಿಮ್ಮ ಗಡಿಯಾರ. ಗುಬ್ಬಿ ಆದರೆ 20 ಕಿ.ಮೀ. ಅಷ್ಟೇ, ಅನುಮಾನ ಬಂದರೆ ಹೆಂಡತಿ ಅರ್ಧ ಗಂಟೆಯಲ್ಲಿ ಬಾಗಿಲಲ್ಲಿರುತ್ತಾಳೆ, ಗಂಡನಿಗೆ ಸುಳ್ಳು ಹೆಣೆಯಲೂ ಸಮಯವಿಲ್ಲ. ಪಾವಗಡ ಆದರೆ ಸುಮಾರು 100 ಕಿ.ಮೀ., ಕೊನೆ ಬಸ್ಸು ತಪ್ಪಿದರೆ ಇಡೀ ರಾತ್ರಿ ಅವನದು, ಬಿಗಿ ಸಡಿಲವಾಗುತ್ತದೆ. ತಿಪಟೂರು ಸರಿಯಾದ ದೂರ. ರೈಲೂ ಇದೆ, ರೈಲು ತಡವಾಗುವುದೂ ಇದೆ. ‘ಹೊರಟಿದ್ದೇನೆ’ ಎಂಬ ಒಂದು ಫೋನ್ ಬಂದ ಮೇಲೆ ಉಳಿದ ಎಂಟು ನಿಮಿಷ ತಾನೇ ಓಡುತ್ತದೆ.

ಇನ್ನು ಸುಳ್ಳುಗಳು. ಮೂರಕ್ಕಿಂತ ಹೆಚ್ಚು ಬೇಡ. ಮೊದಲನೆಯ ಸುಳ್ಳು ಹೇಳುವ ಅಗತ್ಯವೇ ಇಲ್ಲದ್ದಾಗಿರಬೇಕು, ಎರಡನೆಯದು ಮೊದಲನೆಯದನ್ನು ಮುಚ್ಚಲು, ಮೂರನೆಯದು ಎರಡನೆಯದನ್ನು ಮುಚ್ಚಲು. ಗಂಡ ಕ್ಯಾತ್ಸಂದ್ರದಲ್ಲಿ ಆ ಹುಡುಗಿ ಜೊತೆ ತಟ್ಟೆ ಇಡ್ಲಿ ತಿಂದಿದ್ದಾನೆ, ಅಷ್ಟೇ. ಹೇಳಿಬಿಟ್ಟಿದ್ದರೆ ಏನೂ ಆಗುತ್ತಿರಲಿಲ್ಲ.

— ರೀ, ತಿಂಡಿ ಆಯ್ತಾ?
— ಆಯ್ತು ಕಣೇ. ಮನೇಲೇ ಉಪ್ಪಿಟ್ಟು ಮಾಡ್ಕೊಂಡೆ.
— ರವೆ ಖಾಲಿಯಾಗಿ ವಾರ ಆಯ್ತಲ್ರೀ?
— ಆಂಟಿ ಹತ್ರ ಇಸ್ಕೊಂಡೆ.

ಆಂಟಿಯ ಹೆಸರು ಎತ್ತಿದ್ದೇ ತಡ, ಅಡ್ಡಿ ಮನೆಯೊಳಗೇ ಬಂತು. ಹೆಂಡತಿ ಮುಂದಿನ ಫೋನ್ ಮಾಡುವುದು ಆಂಟಿಗೇ.

ಪ್ರತಿ ಸುಳ್ಳಿಗೂ ಕಣ್ಣಿಗೆ ಕಾಣುವ ಒಂದು ವಸ್ತು ಇರಲಿ. ಲಿಪ್‌ಸ್ಟಿಕ್ ಗುರುತು, ಅಂಗಿ ಮೇಲಿನ ಉದ್ದ ಕೂದಲು ಸವೆದುಹೋಗಿವೆ. ಎಂದೂ ಲೋಟ ತೊಳೆಯದ ಗಂಡ ಎರಡು ಕಾಫಿ ಲೋಟ ತೊಳೆದು ಬೋರಲು ಹಾಕಿದ್ದರೆ ಅದಕ್ಕಿಂತ ದೊಡ್ಡ ಸಾಕ್ಷಿ ಬೇಕಿಲ್ಲ. ಜಂಟಿ ಖಾತೆಯಿಂದ ಯುಪಿಐ ಮಾಡಿದ್ದಕ್ಕೆ ಹೆಂಡತಿಯ ಮೊಬೈಲಿಗೆ ಮೆಸೇಜ್ ಹೋಗುವುದು, ಹೂವಿನಂಗಡಿಯ ಸೌಂಡ್ ಬಾಕ್ಸ್ ಮೊತ್ತವನ್ನು ಬೀದಿಗೆಲ್ಲ ಕೂಗಿ ಹೇಳುವುದು ಇವು ನಮ್ಮ ಕಾಲದವು. ಮೊಬೈಲ್ ಬಂದು ಇಂಥ ಕಥೆಗಳು ಸತ್ತವು ಎನ್ನುವವರಿಗೆ ಈ ಡಬ್ಬಿಯೊಂದೇ ಉತ್ತರ.

ಬರೆಯುವ ಮೊದಲು ಒಂದು ಹಾಳೆಯಲ್ಲಿ ನಾಲ್ಕು ಕಾಲಂ ಹಾಕಿ: ಗಂಡ, ಹೆಂಡತಿ, ಆ ಹುಡುಗಿ, ಪ್ರೇಕ್ಷಕ. ಪ್ರತಿ ದೃಶ್ಯ ಮುಗಿದಾಗ ಯಾರಿಗೆ ಏನು ಗೊತ್ತಾಯಿತು ಎಂದು ತುಂಬಿ. ಪ್ರೇಕ್ಷಕನ ಕಾಲಂ ಯಾವಾಗಲೂ ಗಂಡನಿಗಿಂತ ಮುಂದಿರಬೇಕು. ಇಬ್ಬರಿಗೂ ಒಟ್ಟಿಗೆ ಗೊತ್ತಾದರೆ ಬೆಚ್ಚುತ್ತಾರೆ, ನಗುವುದಿಲ್ಲ. ಹುಡುಗಿಯ ಕಾಲಂ ಬಹುತೇಕ ಖಾಲಿ ಇರಲಿ. ಗಂಡನ ಮೇಲೆ ಅವಳಿಗೆ ಯಾವ ಉದ್ದೇಶವೂ ಇಲ್ಲದಿದ್ದಷ್ಟೂ ಅವನ ಪರದಾಟ ಚೆನ್ನ. ಬಲೆ ಬೀಸುವ ಹೆಣ್ಣನ್ನು ತಂದರೆ ತಪ್ಪೆಲ್ಲ ಅವಳ ತಲೆಗೆ ಹೋಗಿ ಗಂಡ ಬಚಾವಾಗುತ್ತಾನೆ, ನಗೆಯೂ ಅವನ ಹಿಂದೆಯೇ ಹೊರಟುಹೋಗುತ್ತದೆ.

ಕನಸಿನ ದೃಶ್ಯ ಬೇಕೆಂದರೆ ಪ್ರೆಸ್ಟನ್ ಸ್ಟರ್ಜಸ್‌ನ 1948ರ ‘ಅನ್‌ಫೇತ್‌ಫುಲಿ ಯುವರ್ಸ್’ ನೋಡಿ. ಹೆಂಡತಿಯ ಮೇಲೆ ಅನುಮಾನ ಬಿದ್ದ ವಾದ್ಯವೃಂದದ ನಿರ್ದೇಶಕ, ಕಛೇರಿ ನಡೆಸುತ್ತಲೇ ಮೂರು ಕೃತಿಗಳಿಗೆ ಮೂರು ಬಗೆಯ ಕಲ್ಪನೆ ಹೆಣೆಯುತ್ತಾನೆ. ಕಲ್ಪನೆಯಲ್ಲಿ ಎಲ್ಲ ನೀಟು, ಮನೆಗೆ ಬಂದು ಮಾಡಹೋದರೆ ಕುರ್ಚಿ ಮುರಿದು ಸಾಮಾನು ಚೆಲ್ಲಾಪಿಲ್ಲಿ. ನೀವೂ ಕನಸನ್ನು ಟ್ರೈಪಾಡ್ ಮೇಲೆ, ಅಚ್ಚುಕಟ್ಟು ಬೆಳಕಿನಲ್ಲಿ ತೆಗೆಯಿರಿ. ನಿಜವನ್ನು ಕೈಯಲ್ಲಿ ಹಿಡಿದು, ಇದ್ದ ಟ್ಯೂಬ್‌ಲೈಟಿನಲ್ಲೇ.

ಚಿತ್ರೀಕರಣಕ್ಕೆ ಮನೆ ಹುಡುಕುವಾಗ ಅಂದ ನೋಡಬೇಡಿ, ಬಾಗಿಲು ಎಣಿಸಿ. ಮುಂಬಾಗಿಲು, ಹಿತ್ತಿಲ ಬಾಗಿಲು, ಬಚ್ಚಲ ಬಾಗಿಲು ಮೂರಾದರೂ ಬೇಕು. ಹೊಸ ಬಡಾವಣೆಯ ಒಂದೇ ಬಾಗಿಲಿನ ಬಾಡಿಗೆ ಮನೆಗಿಂತ ಹಳೇ ಪೇಟೆಯ ಉದ್ದನೆಯ ಮನೆ ಮೇಲು. ಎರ್ನ್‌ಸ್ಟ್ ಲೂಬಿಚ್ ಎಂಬ ಹಾಲಿವುಡ್ ನಿರ್ದೇಶಕ ಮುಚ್ಚಿದ ಬಾಗಿಲನ್ನೇ ತೋರಿಸಿ ಒಳಗಿನದ್ದನ್ನು ಪ್ರೇಕ್ಷಕನ ಊಹೆಗೆ ಬಿಡುತ್ತಿದ್ದ. ಖರ್ಚಿಲ್ಲದ ತಂತ್ರ ಅದು. ಕ್ಯಾಮೆರಾ ಹೊರಗೇ ಇರಲಿ, ಒಳಗಿನ ಸದ್ದು ಮಾತ್ರ ಚೊಕ್ಕವಾಗಿ ಕೇಳಲಿ.

ಮೊಬೈಲಿನಲ್ಲಿ ತೆಗೆಯುವವರು ಪ್ರೊ ಮೋಡ್ ಅಥವಾ ಮ್ಯಾನುವಲ್ ಕ್ಯಾಮೆರಾ ಆ್ಯಪ್‌ನಲ್ಲಿ ಸೆಕೆಂಡಿಗೆ 25 ಫ್ರೇಮ್, ಶಟರ್ 1/50 ಸೆಕೆಂಡ್ ಇಡಿ. ನಮ್ಮ ಕರೆಂಟ್ 50 ಹರ್ಟ್ಸ್, 30 ಫ್ರೇಮ್ ಮತ್ತು 1/60ರಲ್ಲಿ ಕೆಲವು ಟ್ಯೂಬ್‌ಲೈಟ್, ಎಲ್‌ಇಡಿಗಳ ಕೆಳಗೆ ಚಿತ್ರ ಮಿಣುಕುತ್ತದೆ. ಅಗಲ ನೋಟದ 0.5 ಲೆನ್ಸ್ ಮುಖದ ಹತ್ತಿರ ಬೇಡ, ಮೂಗು ದೊಡ್ಡದಾಗಿ ನಗು ಬೇರೆ ಕಾರಣಕ್ಕೆ ಬರುತ್ತದೆ. ಸುಳ್ಳು ಹೇಳುವವನೂ ಕೇಳುವವಳೂ ಒಂದೇ ಫ್ರೇಮಿನಲ್ಲಿರಲಿ. ಮುಖದಿಂದ ಮುಖಕ್ಕೆ ಕಟ್ ಮಾಡುತ್ತ ಹೋದರೆ ಅವಳ ಹುಬ್ಬು ಏರಿದ ಆ ಅರ್ಧ ಕ್ಷಣ ಕೈತಪ್ಪುತ್ತದೆ. ಫ್ಯಾನ್, ಫ್ರಿಜ್ ಆಫ್ ಮಾಡಿಯೇ ಧ್ವನಿ ಹಿಡಿಯಿರಿ. ಏಪ್ರಿಲಿನ ಸೆಕೆಗೆ ಬೆಳಿಗ್ಗೆ 6.30ರಿಂದ 10ರೊಳಗೆ ಮಾತಿನ ದೃಶ್ಯ ಮುಗಿಸುವುದು ಕ್ಷೇಮ. ಪ್ರತಿ ಕೋಣೆಯ ಖಾಲಿ ಸದ್ದನ್ನು 30 ಸೆಕೆಂಡ್ ಬೇರೆಯಾಗಿ ಹಿಡಿದಿಟ್ಟುಕೊಳ್ಳಿ, ಎಡಿಟಿಂಗ್‌ನಲ್ಲಿ ಮಾತುಗಳ ನಡುವಿನ ಹಳ್ಳ ತುಂಬಲು ಬೇಕಾಗುತ್ತದೆ.

ನಗು ಬರುವ ಮಾತಾದ ಮೇಲೆ ಒಂದೂವರೆ ಎರಡು ಸೆಕೆಂಡ್ ಮುಖ್ಯವಾದ ಮಾತು ಬೇಡ, ನಗುವಿನಲ್ಲಿ ಅದು ಕೇಳಿಸುವುದಿಲ್ಲ. ಸುಮ್ಮನೆ ಖಾಲಿಯೂ ಬಿಡಬೇಡಿ. ಗಂಡ ಲೋಟ ಬಚ್ಚಿಡುತ್ತಿರಲಿ.

ಹೆಂಡತಿ ಬಾಗಿಲು ತಳ್ಳಿ ಗಂಡನನ್ನು ರೆಡ್‌ಹ್ಯಾಂಡ್ ಆಗಿ ಹಿಡಿಯುವ ಮುಕ್ತಾಯ ಎಲ್ಲರೂ ಊಹಿಸಿರುತ್ತಾರೆ. ಅವಳಿಗೆ ಮೊದಲೇ ಮೂರೂ ಸುಳ್ಳು ಗೊತ್ತಿದ್ದು, ಅವಳು ಕೇಳದೆಯೇ ಅವನು ಒಂದೊಂದಾಗಿ ಬಾಯಿಬಿಡುವುದು ಇನ್ನೂ ಗಟ್ಟಿ. ಯಾಕೆಂದರೆ ಅವಳಿಗೆ ಗೊತ್ತಿಲ್ಲದ ನಾಲ್ಕನೆಯ ಗುಟ್ಟನ್ನೂ ಅವನೇ ಹೇಳಿಬಿಡುತ್ತಾನೆ.

ಚಿತ್ರೀಕರಣಕ್ಕೆ ಮುಂಚೆ ನಾಲ್ಕೈದು ದಂಪತಿಗಳನ್ನು ಕೂರಿಸಿ ಗಟ್ಟಿಯಾಗಿ ಓದಿ, ಸ್ಟಾಪ್‌ವಾಚ್ ಹಿಡಿದು. ಗಂಡಂದಿರು ಮಾತ್ರ ನಕ್ಕ ಸಾಲಿನ ಪಕ್ಕ ಗೆರೆ ಎಳೆದು ಅದನ್ನು ತಿದ್ದಿ ಬರೆಯಿರಿ. ಹೆಂಡತಿಯರು ಮಾತ್ರ ನಕ್ಕದ್ದನ್ನು ಹಾಗೇ ಬಿಡಿ. ಯೂಟ್ಯೂಬ್‌ಗೆ ಹಾಕಲು ಸೆನ್ಸಾರ್ ಪ್ರಮಾಣಪತ್ರ ಬೇಕಿಲ್ಲ, ಸಾರ್ವಜನಿಕ ಸಭಾಂಗಣದಲ್ಲಿ ತೋರಿಸುವುದಾದರೆ ಬೇಕು. ಹಾಲ್ ಬುಕ್ ಮಾಡುವ ಮೊದಲೇ ಅರ್ಜಿ ಹಾಕಿ.